ಗಣಕಯಂತ್ರದ ಪೆಟ್ಟಿಗೆ, ಸ್ಥಾಯೀ ವಿದ್ಯುತ್ತು ಮತ್ತು ಭೂಸಂಪರ್ಕ

ಕಪಿಲಾ ನದಿಯ ದಂಡೆಯಲ್ಲಿರುವ ಸುತ್ತೂರು ಹಾಗೂ ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಸುತ್ತಮುತ್ತಲ ಗ್ರಾಮಗಳಲ್ಲಿ ಗಣಕಯಂತ್ರವಿಲ್ಲದ ವ್ಯವಹಾರಸ್ಥಳವನ್ನು ಕಾಣುವುದು ಇಂದು ಅಪರೂಪ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲಂತೂ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಮಳಿಗೆ, ಸಹಕಾರ ಸಂಘ ಎಲ್ಲವೂ ಬಿಲ್ಲಿನಿಂದ ಹಿಡಿದು ರಿಟರ್ನ್‌ವರೆಗೆ ಈ ಯಂತ್ರವನ್ನೇ ಆಶ್ರಯಿಸಿವೆ. ಇವುಗಳಲ್ಲಿ ಬಹುಪಾಲು ಯಂತ್ರಗಳು ಕುಳಿತಿರುವುದು ಹವಾನಿಯಂತ್ರಿತ ಕೊಠಡಿಯಲ್ಲಲ್ಲ; ಗೋದಾಮಿನ ಮೂಲೆಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಸಿಮೆಂಟಿನ ನೆಲದ ಮೇಲೆ.

ಇಂತಹ ಸ್ಥಳಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. "ಸಿಪಿಯು ಮುಟ್ಟಿದರೆ ಜುಮ್ಮೆನ್ನುತ್ತದೆ" ಎಂದು ಲೆಕ್ಕ ಬರೆಯುವ ಹುಡುಗ ಹೇಳುತ್ತಾನೆ. ರಿಪೇರಿಗೆ ಬಂದವನು, "ಅದು ಸ್ಟ್ಯಾಟಿಕ್ಕು ಸ್ವಾಮಿ, ಏನೂ ಆಗುವುದಿಲ್ಲ" ಎಂದು ಹೇಳಿ ಹೋಗುತ್ತಾನೆ. ಮಾಲೀಕರಿಗೂ ಸಮಾಧಾನವಾಗುತ್ತದೆ. ಆದರೆ ಹತ್ತರಲ್ಲಿ ಒಂಬತ್ತು ಪಾಲು ಈ ಉತ್ತರ ತಪ್ಪು, ಮತ್ತು ಈ ತಪ್ಪಿಗೆ ತೆರಬೇಕಾದ ಬೆಲೆ ಕೇವಲ ಒಂದು ಮದರ್‌ಬೋರ್ಡಿನದಲ್ಲ. ಸ್ಥಾಯೀ ವಿದ್ಯುತ್ತು ಬೇರೆ, ಸೋರಿಕೆ ವಿದ್ಯುತ್ತು ಬೇರೆ. ಮೊದಲನೆಯದು ಯಂತ್ರವನ್ನು ಕೆಡಿಸುತ್ತದೆ. ಎರಡನೆಯದು ಮನುಷ್ಯನನ್ನು ಕೆಡವುತ್ತದೆ. ಇವೆರಡರ ವ್ಯತ್ಯಾಸವನ್ನೂ, ಪೆಟ್ಟಿಗೆ ಯಾವ ವಸ್ತುವಿನದಾಗಿದ್ದರೆ ಏನಾಗುತ್ತದೆ ಎಂಬುದನ್ನೂ ವರ್ತಕರು ಅರಿತಿರುವುದು ಅವಶ್ಯ.

ಗುರುತಿಸುವ ಬಗೆ

ಸ್ಥಾಯೀ ವಿದ್ಯುತ್ತಿನ ಹೊಡೆತ ಒಮ್ಮೆ ಮಾತ್ರ. ಚಟ್ ಎಂದು ಒಂದು ಕಿಡಿ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಂತೆ ಒಂದು ಅನುಭವ, ಅಷ್ಟೆ. ಕೂಡಲೇ ಮತ್ತೆ ಮುಟ್ಟಿದರೆ ಏನೂ ಆಗದು. ಏಕೆಂದರೆ ಮೈಮೇಲೆ ಸಂಗ್ರಹವಾಗಿದ್ದ ಆವೇಶ ಆಗಲೇ ಖರ್ಚಾಗಿದೆ. ಸೋರಿಕೆ ವಿದ್ಯುತ್ತು ಹಾಗಲ್ಲ. ಕೈ ಇಟ್ಟಷ್ಟು ಹೊತ್ತೂ ಜುಮುಗುಡುತ್ತಲೇ ಇರುತ್ತದೆ. ಬೆರಳ ಹಿಂಬದಿಯಿಂದ ಪೆಟ್ಟಿಗೆಯನ್ನು ಮೆಲ್ಲಗೆ ಸವರಿದರೆ ಲೋಹ ನಡುಗಿದಂತೆ ಭಾಸವಾಗುತ್ತದೆ. ರಬ್ಬರ್ ಚಪ್ಪಲಿ ತೊಟ್ಟವರಿಗೆ ಕಡಿಮೆ, ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತವರಿಗೆ ಹೆಚ್ಚು. ಪ್ಲಗ್ ಕಿತ್ತೊಡನೆ ನಿಂತುಹೋಗುತ್ತದೆ. ಇಷ್ಟು ಲಕ್ಷಣಗಳು ಕಂಡಲ್ಲಿ ಅದು ಸ್ಟ್ಯಾಟಿಕ್ ಅಲ್ಲವೆಂದು ನಿಶ್ಚಯಿಸಬಹುದು. ಆ ಅಂಗಡಿಗೆ ಬೇಕಾಗಿರುವುದು ಕಂಪ್ಯೂಟರ್ ತಂತ್ರಜ್ಞನಲ್ಲ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ.

ರೇಷ್ಮೆ, ಗಾಜು ಮತ್ತು ಒಣಹವೆ

ಗಾಜಿನ ಸರಳನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿದರೆ ಸರಳಿಗೆ ಧನ ಆವೇಶ ಬರುತ್ತದೆ ಎಂಬ ಪ್ರೌಢಶಾಲೆಯ ಪಾಠ ಹಲವರಿಗೆ ನೆನಪಿರಬಹುದು. ಎರಡು ಭಿನ್ನ ವಸ್ತುಗಳು ಒಂದನ್ನೊಂದು ಸ್ಪರ್ಶಿಸಿ ಬೇರ್ಪಟ್ಟಾಗ ಒಂದರ ಇಲೆಕ್ಟ್ರಾನುಗಳು ಮತ್ತೊಂದಕ್ಕೆ ವರ್ಗವಾಗುತ್ತವೆ. ಲೋಹವಾದರೆ ಆವೇಶ ಹರಿದು ಹೋಗುತ್ತದೆ. ಪ್ಲಾಸ್ಟಿಕ್, ಗಾಜು, ಪಾಲಿಯೆಸ್ಟರ್ ಮುಂತಾದ ಅವಾಹಕಗಳಲ್ಲಿ ಇದ್ದಲ್ಲೇ ನಿಲ್ಲುತ್ತದೆ. ನಿಂತಿರುವುದರಿಂದಲೇ ಅದಕ್ಕೆ ಸ್ಥಾಯೀ ವಿದ್ಯುತ್ತು ಎಂಬ ಹೆಸರು. ಟಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಘಟಕವಿರುವುದರಿಂದ ಈ ಭಾಗದವರಿಗೆ ರೇಷ್ಮೆಯ ಗುಣ ಹೊಸದಲ್ಲ. ಒಣಹವೆಯಲ್ಲಿ ಎಳೆಗಳು ಒಂದನ್ನೊಂದು ದೂರ ತಳ್ಳಿ ಕೆದರುವುದೂ, ಹವೆಯಲ್ಲಿ ತೇವವಿದ್ದರೆ ತಣ್ಣಗೆ ಕೂರುವುದೂ ನೂಲಿನ ಕೆಲಸದವರು ಬಲ್ಲ ಸಂಗತಿ.

ತೇವಾಂಶದ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಇಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಬಹುಕಾಲದಿಂದ ಉಲ್ಲೇಖಿಸಲಾಗುವ ಅಂಕಿಗಳು ತೋರಿಸುತ್ತವೆ. ಹವೆಯ ಸಾಪೇಕ್ಷ ಆರ್ದ್ರತೆ ಶೇ 10ರಿಂದ 20ರಷ್ಟಿದ್ದಾಗ ಜಮಖಾನದ ಮೇಲೆ ನಡೆದ ಮನುಷ್ಯನ ಮೈಮೇಲೆ 35,000 ವೋಲ್ಟ್‌ವರೆಗೆ ಆವೇಶ ಏರಬಹುದು. ಅದೇ ನಡಿಗೆ ಶೇ 65ಕ್ಕಿಂತ ಹೆಚ್ಚಿನ ಆರ್ದ್ರತೆಯಲ್ಲಿ ಸುಮಾರು 1,500 ವೋಲ್ಟ್‌ಗೆ ನಿಲ್ಲುತ್ತದೆ. ವೋಲ್ಟಿನ ಸಂಖ್ಯೆ ಕೇಳಿ ಗಾಬರಿಯಾಗಬೇಕಿಲ್ಲ. ಮನುಷ್ಯದೇಹ ಹಿಡಿದಿಡಬಲ್ಲ ಆವೇಶ ಅತ್ಯಲ್ಪ. 10,000 ವೋಲ್ಟ್ ಇದ್ದರೂ ಅದರಲ್ಲಿರುವ ಶಕ್ತಿ ಒಂದು ಜೂಲಿನ ಇನ್ನೂರನೇ ಒಂದು ಭಾಗದಷ್ಟು. ಮನುಷ್ಯನಿಗೆ ಅದು ಚಿವುಟಿದಂತೆ.

ಆದರೆ ಚಿಪ್ಪಿಗೆ ಹಾಗಲ್ಲ. ಸುಮಾರು 3,000 ವೋಲ್ಟ್‌ಗಿಂತ ಕಡಿಮೆಯಾದ ಕಿಡಿ ಮನುಷ್ಯನ ಅನುಭವಕ್ಕೇ ಬರುವುದಿಲ್ಲ. ಸೂಕ್ಷ್ಮವಾದ ಕೆಲವು ಬಿಡಿಭಾಗಗಳಿಗೆ 100 ವೋಲ್ಟ್‌ಗಿಂತ ಕಡಿಮೆಯಾದ ಹೊಡೆತವೂ ಸಾಕು. ಅಂದರೆ ರಿಪೇರಿ ಮಾಡುವವನಿಗೆ ಗೊತ್ತೇ ಆಗದಂತೆ, ಅವನ ಬೆರಳಿನಿಂದಲೇ ಮೆಮೊರಿ ಕಾರ್ಡು ಕೆಡಬಹುದು. ಕೆಟ್ಟದ್ದು ಆ ಕ್ಷಣವೇ ಸತ್ತರೆ ಒಂದು ರೀತಿಯಲ್ಲಿ ಪುಣ್ಯ. ಅರೆಜೀವವಾಗಿ ಉಳಿದು, ತಿಂಗಳುಗಳ ನಂತರ, ಸಾಮಾನ್ಯವಾಗಿ ಮಾರ್ಚ್ ಕೊನೆಯ ವಾರದಲ್ಲಿಯೇ, ಕೈಕೊಡುವ ಬಿಡಿಭಾಗಗಳೇ ಹೆಚ್ಚು ತೊಂದರೆ ಕೊಡುವುದು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣದ ಸಂಭಾವ್ಯ ಹೊಣೆ.

ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಸಂಸ್ಥೆ ಮುದ್ರಿತ ಸರ್ಕಿಟ್ ಬೋರ್ಡುಗಳನ್ನು ತಯಾರಿಸುತ್ತದೆ; ಹಿಂದೆ ಇಂಡಾಲ್ ಇಲೆಕ್ಟ್ರಾನಿಕ್ಸ್ ಆಗಿದ್ದ ಘಟಕವನ್ನು ಅದು 1999ರಲ್ಲಿ ಕೊಂಡಿತು. ಮೈಸೂರಿನಲ್ಲಿ 1988ರಲ್ಲಿ ಆರಂಭವಾದ ಕೇನ್ಸ್ ಟೆಕ್ನಾಲಜಿ ಬೋರ್ಡುಗಳ ಮೇಲೆ ಬಿಡಿಭಾಗಗಳನ್ನು ಕೂರಿಸುವ ಉದ್ಯಮದಲ್ಲಿದೆ. ಖಾಲಿ ಬೋರ್ಡಿಗೆ ಸ್ಥಾಯೀ ವಿದ್ಯುತ್ತಿನ ಭಯ ಅಷ್ಟಾಗಿ ಇಲ್ಲ. ಚಿಪ್ ಕೂತ ಮೇಲೆ ಭಯ ಆರಂಭ. ಆದ್ದರಿಂದಲೇ ಜೋಡಣೆ ಉದ್ಯಮದಲ್ಲಿ ಮಣಿಕಟ್ಟಿಗೆ ತಂತಿಯ ಪಟ್ಟಿ, ಆವೇಶ ಹರಿಯಬಿಡುವ ಪಾದರಕ್ಷೆ ಹಾಗೂ ನೆಲಹಾಸು, ಬೆಳ್ಳಿಬಣ್ಣದ ಚೀಲ ಇವೆಲ್ಲ ಕಡ್ಡಾಯ ಶಿಸ್ತು. ಅಷ್ಟು ಜತನದಿಂದ ಸಿದ್ಧವಾಗಿ ಬಂದ ಮದರ್‌ಬೋರ್ಡನ್ನು ಗ್ರಾಮದ ಅಂಗಡಿಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟವನೊಬ್ಬ ಥರ್ಮೋಕೋಲಿನ ಮೇಲೆ ಇಟ್ಟು ಬಿಚ್ಚುವ ದೃಶ್ಯ ಈಗಲೂ ಸಾಮಾನ್ಯ.

ಮೈಸೂರು ಸೀಮೆಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಮಧ್ಯಾಹ್ನಗಳು ಒಣ. ಯಂತ್ರ ಬಿಚ್ಚಿ ಧೂಳು ತೆಗೆಸುವ ಕೆಲಸವಿದ್ದರೆ ಮಳೆಗಾಲದಲ್ಲಿ ಮಾಡಿಸುವುದು, ಬೇಸಿಗೆಯಲ್ಲೇ ಅನಿವಾರ್ಯವಾದರೆ ಬೆಳಗಿನ ಹೊತ್ತು ಮಾಡಿಸುವುದು ಖರ್ಚಿಲ್ಲದ ಮುನ್ನೆಚ್ಚರಿಕೆ.

ಎಸ್‌ಎಂಪಿಎಸ್‌ನಿಂದ ಬರುವ ಸೋರಿಕೆ

ಗೋಡೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯೊಳಗೆ, ರೇಡಿಯೋ ತರಂಗಗಳ ಗದ್ದಲವನ್ನು ತಡೆಯುವ ಸಲುವಾಗಿ, ಫೇಸ್‌ನಿಂದ ಲೋಹದ ಮೈಗೆ ಒಂದು ಮತ್ತು ನ್ಯೂಟ್ರಲ್‌ನಿಂದ ಲೋಹದ ಮೈಗೆ ಒಂದು ಪುಟ್ಟ ಕೆಪಾಸಿಟರನ್ನು ಜೋಡಿಸಿರುತ್ತಾರೆ. ಇವುಗಳ ಮೂಲಕ ಹರಿಯುವ ಅಲ್ಪ ಪ್ರವಾಹ ಅರ್ತ್ ತಂತಿಯಲ್ಲಿ ಭೂಮಿಗೆ ಸೇರಬೇಕೆಂಬುದು ತಯಾರಕರ ಎಣಿಕೆ. ಅರ್ತ್ ತಂತಿಯೇ ಇಲ್ಲದಿದ್ದರೆ ಈ ಎರಡು ಕೆಪಾಸಿಟರುಗಳು ವೋಲ್ಟೇಜನ್ನು ಸಮಪಾಲು ಮಾಡುತ್ತವೆ. ಕಂಪ್ಯೂಟರಿನ ಲೋಹದ ಮೈ ಸುಮಾರು 115 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಯಂತ್ರ ಕೆಟ್ಟಿಲ್ಲ, ಯಾವ ತಂತಿಯೂ ಸುಲಿದಿಲ್ಲ. ಆದರೂ ಜುಮ್ಮೆನ್ನುತ್ತದೆ. ರಿಪೇರಿಯವರು ಯಂತ್ರವನ್ನು ಬಿಚ್ಚಿ ನೋಡಿ "ಒಳಗೆ ಏನೂ ಇಲ್ಲ" ಎನ್ನುವುದು ನಿಜವೇ. ದೋಷ ಇರುವುದು ಗೋಡೆಯಲ್ಲಿ.

ಒಂದು ಯಂತ್ರದ ಸೋರಿಕೆ ಅಪಾಯಕಾರಿಯಲ್ಲ. ಅರ್ತ್ ಪಿನ್ನುಳ್ಳ ಇಂತಹ ಉಪಕರಣಗಳಿಗೆ ಅಂತರರಾಷ್ಟ್ರೀಯ ಮಾನಕಗಳು ನಿಗದಿಪಡಿಸಿದ ಗರಿಷ್ಠ ಮಿತಿ 3.5 ಮಿಲಿಆಂಪಿಯರ್, ವಾಸ್ತವದಲ್ಲಿ ಬಹುಪಾಲು ಯಂತ್ರಗಳು ಇದಕ್ಕಿಂತ ಬಹಳ ಕೆಳಗಿರುತ್ತವೆ. ಅಪಾಯ ಇರುವುದು ಕೂಡುವ ಲೆಕ್ಕದಲ್ಲಿ. ಒಂದು ತರಬೇತಿ ಕೇಂದ್ರದಲ್ಲಿ 20 ಕಂಪ್ಯೂಟರುಗಳಿವೆ, ಒಂದೊಂದರ ಸೋರಿಕೆ ಅರ್ಧ ಮಿಲಿಆಂಪಿಯರ್ ಎಂದು ಭಾವಿಸೋಣ. ಎಲ್ಲದರ ಅರ್ತ್ ತಂತಿ ಒಟ್ಟಿಗೆ ಸೇರಿ, ಮುಂದೆ ಭೂಮಿಗೆ ಹೋಗುವ ಒಂದೇ ಒಂದು ತಂತಿ ಎಲ್ಲೋ ತುಂಡಾಗಿದೆ. ಆಗ ಯಾವುದೇ ಒಂದು ಯಂತ್ರವನ್ನು ಮುಟ್ಟಿದ ವಿದ್ಯಾರ್ಥಿಯ ಮೂಲಕ ಇಪ್ಪತ್ತೂ ಯಂತ್ರಗಳ ಸೋರಿಕೆ, ಅಂದರೆ 10 ಮಿಲಿಆಂಪಿಯರ್, ಹರಿಯಲು ದಾರಿಯಾಗುತ್ತದೆ. ಹಿಡಿದ ಕೈಯನ್ನು ಸ್ವಇಚ್ಛೆಯಿಂದ ಬಿಡಿಸಿಕೊಳ್ಳಲಾಗದ ಸ್ಥಿತಿ ಆರಂಭವಾಗುವುದು ಸರಿಸುಮಾರು ಈ ಮಟ್ಟದಲ್ಲಿಯೇ. ಶಾಲೆ, ಬ್ಯಾಂಕು, ಸೇವಾ ಕೇಂದ್ರಗಳನ್ನು ನಡೆಸುವವರು ಈ ಒಂದು ಲೆಕ್ಕವನ್ನು ಮರೆಯುವಂತಿಲ್ಲ.

ಇನ್ನು ಎಸ್‌ಎಂಪಿಎಸ್‌ನೊಳಗೆ ನಿಜವಾಗಿಯೂ ದೋಷ ಉಂಟಾಗಿ ಫೇಸ್ ತಂತಿ ಲೋಹದ ಮೈಯನ್ನು ತಾಕಿದರೆ, ಅರ್ತ್ ಇಲ್ಲದ ಪೆಟ್ಟಿಗೆಯಲ್ಲಿ ಪೂರ್ಣ 230 ವೋಲ್ಟ್ ಕಾದು ಕುಳಿತಿರುತ್ತದೆ. ಅಲ್ಲಿಗೆ ಜುಮ್ಮೆನ್ನುವ ಮಾತು ಮುಗಿಯಿತು.

ಪೆಟ್ಟಿಗೆ ಯಾವುದರದು?

ಮಾರುಕಟ್ಟೆಯಲ್ಲಿ ದೊರೆಯುವ ಕ್ಯಾಬಿನೆಟ್‌ಗಳಲ್ಲಿ ಬಹುಪಾಲು ಸತುವಿನ ಲೇಪವುಳ್ಳ ಉಕ್ಕಿನ ತಗಡಿನವು. ಸುರಕ್ಷತೆಯ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದದ್ದು ಬೇಕಿಲ್ಲ. ಅರ್ತ್ ಪಿನ್ನಿನಿಂದ ಹೊರಟ ಹಸಿರು ತಂತಿ ಎಸ್‌ಎಂಪಿಎಸ್‌ನ ಲೋಹದ ಮೈಗೆ, ಅಲ್ಲಿಂದ ನಾಲ್ಕು ಸ್ಕ್ರೂಗಳ ಮೂಲಕ ಕ್ಯಾಬಿನೆಟ್‌ಗೆ, ಮದರ್‌ಬೋರ್ಡನ್ನು ಎತ್ತಿ ಹಿಡಿದಿರುವ ಹಿತ್ತಾಳೆಯ ಗುಬುಟುಗಳ ಮೂಲಕ ಬೋರ್ಡಿಗೆ ಕೊಂಡಿಯಂತೆ ಸೇರಿಕೊಂಡು, ಇಡೀ ಪೆಟ್ಟಿಗೆ ಒಂದೇ ವಿಭವದಲ್ಲಿರುತ್ತದೆ. ಹೊರಗಿನಿಂದ ಕಿಡಿ ಹಾರಿದರೂ ಲೋಹದ ಮೈ ಅದನ್ನು ಬಳಸಿಕೊಂಡು ಭೂಮಿಗೆ ಕಳಿಸುತ್ತದೆ, ಒಳಗಿನ ಚಿಪ್ಪಿಗೆ ತಲಪಲು ಬಿಡುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಬಣ್ಣ. ಹಿಂದಿನ ಕ್ಯಾಬಿನೆಟ್‌ಗಳ ಒಳಮೈ ಬಣ್ಣವಿಲ್ಲದೆ ಬೂದು ತಗಡಾಗಿಯೇ ಇರುತ್ತಿತ್ತು. ಈಗ ಅಂದಕ್ಕಾಗಿ ಒಳಗೂ ಕಪ್ಪು ಬಣ್ಣ ಬಳಿಯುತ್ತಾರೆ, ಬಣ್ಣವೋ ಅವಾಹಕ. ಸ್ಕ್ರೂವಿನ ಎಳೆಗಳು ಬಣ್ಣವನ್ನು ಸೀಳಿ ಲೋಹಕ್ಕೆ ಕಚ್ಚಿಕೊಂಡರಷ್ಟೇ ಸಂಪರ್ಕ. ಎಸ್‌ಎಂಪಿಎಸ್ ಬದಲಾಯಿಸಿದ ಮೇಲೆ ನಾಲ್ಕು ಸ್ಕ್ರೂ ಹಾಕುವ ಕಡೆ ಒಂದೇ ಸ್ಕ್ರೂ ಸಡಿಲವಾಗಿ ಹಾಕಿ ಹೋಗುವ ಅಭ್ಯಾಸ ಸಾಮಾನ್ಯವಾಗಿದೆ. ಉಳಿದ ಮೂರು ಸ್ಕ್ರೂಗಳು ಕೇವಲ ಭಾರ ಹೊರಲು ಅಲ್ಲವೆಂಬುದನ್ನು ಮಾಲೀಕರು ತಿಳಿದಿರಬೇಕು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೂ ಮತ್ತೊಂದನ್ನು ಕ್ಯಾಬಿನೆಟ್‌ನ ಬಣ್ಣವಿಲ್ಲದ ಸ್ಕ್ರೂವಿಗೂ ತಾಗಿಸಿದರೆ, ಪ್ಲಗ್ ಗೋಡೆಯಿಂದ ಹೊರಗಿರುವಾಗ, ಒಂದು ಓಮ್‌ಗಿಂತ ಬಹಳ ಕಡಿಮೆ ಪ್ರತಿರೋಧ ಕಾಣಬೇಕು. ಇದು ಎರಡು ನಿಮಿಷದ ಪರೀಕ್ಷೆ.

ಅಲ್ಯೂಮಿನಿಯಂ ಪೆಟ್ಟಿಗೆ ಹಗುರ, ನೋಟಕ್ಕೆ ಚೆಂದ, ಬೆಲೆ ಹೆಚ್ಚು. ಅಲ್ಯೂಮಿನಿಯಂ ಉತ್ತಮ ವಾಹಕವೆಂದು ಎಲ್ಲರಿಗೂ ಗೊತ್ತು. ಆದರೆ ಹೊಳಪಿಗಾಗಿ ಆನೋಡೈಸ್ ಮಾಡಿದ ಅದರ ಮೇಲ್ಪದರ ಆಕ್ಸೈಡ್, ಅಂದರೆ ಅವಾಹಕ. ಹೀಗಾಗಿ ಒಂದಕ್ಕೊಂದು ತಾಗಿಕೊಂಡಂತೆ ಕಾಣುವ ಎರಡು ಪಟ್ಟಿಗಳ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲದಿರಬಹುದು. ಸ್ಕ್ರೂ ಕೂರುವ ಜಾಗದಲ್ಲಿ ಪದರವನ್ನು ಉಜ್ಜಿ ತೆಗೆದು, ಹಲ್ಲುಳ್ಳ ವಾಷರ್ ಹಾಕುವುದು ಕ್ರಮ.

ಪಕ್ಕದಲ್ಲಿ ಗಾಜು ಅಥವಾ ಅಕ್ರಿಲಿಕ್ ಹಲಗೆಯಿರುವ ಪೆಟ್ಟಿಗೆಗಳು ಯುವಕರಿಗೆ ಪ್ರಿಯ; ಈಚೆಗೆ ಸ್ಟುಡಿಯೋ, ವಿನ್ಯಾಸ ಕೇಂದ್ರಗಳಲ್ಲೂ ಕಾಣುತ್ತಿವೆ. ಚೌಕಟ್ಟು ಉಕ್ಕಿನದೇ ಆಗಿರುವುದರಿಂದ ಭೂಸಂಪರ್ಕಕ್ಕೆ ಕೊರತೆಯಿಲ್ಲ. ಅಕ್ರಿಲಿಕ್ ಮಾತ್ರ ಸ್ಥಾಯೀ ವಿದ್ಯುತ್ತಿನ ಉಗ್ರಾಣ. ಒಣಬಟ್ಟೆಯಿಂದ ತಿಕ್ಕಿ ಒರೆಸಿದಷ್ಟೂ ಧೂಳು ಹೆಚ್ಚು ಅಂಟುತ್ತದೆ. ಅದನ್ನು ಭೂಮಿಗೆ ಜೋಡಿಸಿ ಪ್ರಯೋಜನವಿಲ್ಲ, ಅವಾಹಕದ ಮೇಲಿನ ಆವೇಶ ತಂತಿಯ ತುದಿಗೆ ಹರಿದು ಬರುವುದೇ ಇಲ್ಲ. ಅರೆತೇವದ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಹಾಕುವುದೊಂದೇ ದಾರಿ. ಗಿರಣಿಗಳಲ್ಲಿ ಈ ಬಗೆಯ ಪೆಟ್ಟಿಗೆ ಬೇಡವೇ ಬೇಡ. ತೌಡಿನ ಧೂಳು ಮತ್ತು ಮಳೆಗಾಲದ ತೇವ ಸೇರಿ ಬೋರ್ಡಿನ ಮೇಲೆ ಕುಳಿತರೆ ಅದೇ ಒಂದು ಸೋರಿಕೆಯ ದಾರಿಯಾಗುತ್ತದೆ.

ಪೂರ್ತಿ ಪ್ಲಾಸ್ಟಿಕ್ ಅಥವಾ ಅಕ್ರಿಲಿಕ್ ಪೆಟ್ಟಿಗೆಯ ಬಗ್ಗೆ ಎರಡು ವಿರುದ್ಧ ತಪ್ಪು ಕಲ್ಪನೆಗಳಿವೆ. "ಲೋಹವಿಲ್ಲ, ಆದ್ದರಿಂದ ಅರ್ತ್ ಬೇಡ" ಎಂಬುದು ಒಂದು. "ಲೋಹವಿಲ್ಲ, ಆದ್ದರಿಂದ ಮದರ್‌ಬೋರ್ಡಿಗೆ ಅರ್ತ್ ಸಿಗುವುದಿಲ್ಲ" ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ ಕಪ್ಪು ತಂತಿಗಳು ಎಸ್‌ಎಂಪಿಎಸ್‌ನ ಮೈಗೆ, ಆ ಮೂಲಕ ಅರ್ತ್ ಪಿನ್ನಿಗೆ ಸೇರಿಯೇ ಇರುತ್ತವೆ. ಹೊರಪೆಟ್ಟಿಗೆ ಯಾವುದಾದರೂ ಬೋರ್ಡಿಗೆ ಭೂಸಂಪರ್ಕ ಇದ್ದೇ ಇರುತ್ತದೆ. ಅದೇ ಕಾರಣಕ್ಕೆ ಅರ್ತ್ ಇಲ್ಲದಿದ್ದರೆ, ಹೊರಗೆ ಪ್ಲಾಸ್ಟಿಕ್ ಇದ್ದರೂ, ಯುಎಸ್‌ಬಿ ಕಿಂಡಿಯ ಲೋಹದ ಅಂಚು, ಪ್ರಿಂಟರಿನ ಕೇಬಲ್ಲಿನ ಕವಚ, ಎಸ್‌ಎಂಪಿಎಸ್‌ನ ಹಿಂಬದಿ ಎಲ್ಲವೂ ಅದೇ 115 ವೋಲ್ಟ್‌ನಲ್ಲಿರುತ್ತವೆ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಯಾವುದಕ್ಕೂ ಸೇರದೆ ಬಿಡಿಯಾಗಿ ನಿಂತ ಲೋಹದ ತುಂಡಿದ್ದರೆ ಅದನ್ನೂ ತಂತಿಯಿಂದ ಎಸ್‌ಎಂಪಿಎಸ್ ಮೈಗೆ ಸೇರಿಸಬೇಕು. ಮರದ ಪೆಟ್ಟಿಗೆ ಹವ್ಯಾಸಿಗಳ ವಿಷಯ. ವ್ಯಾಪಾರಸ್ಥಳದಲ್ಲಿ ಬೆಂಕಿಯ ಭಯವೊಂದೇ ಅದನ್ನು ದೂರವಿಡಲು ಸಾಕಾದ ಕಾರಣ.

ಲ್ಯಾಪ್‌ಟಾಪ್ ಬಳಸುವವರಲ್ಲಿ ಕೆಲವರಿಗೆ, ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಮುಚ್ಚಳದ ಮೇಲೆ ಸಣ್ಣ ಕಚಗುಳಿ ಅನುಭವವಾಗುತ್ತದೆ. ಇಬ್ಬಗೆ ನಿರೋಧನದ ಅಡಾಪ್ಟರುಗಳಲ್ಲಿ ಇದು ಮಿತಿಯೊಳಗಿನ ಸಂಗತಿ. ನಕಲಿ ಅಡಾಪ್ಟರುಗಳ ವಿಷಯದಲ್ಲಿ ಈ ಭರವಸೆ ಕೊಡಲಾಗದು. 2012ರ ಕಡ್ಡಾಯ ನೋಂದಣಿ ಆದೇಶದ ವ್ಯಾಪ್ತಿಗೆ ಲ್ಯಾಪ್‌ಟಾಪ್‌ಗಳೂ ಮುಂದೆ ಅವುಗಳ ಅಡಾಪ್ಟರುಗಳೂ ಬಂದಿದ್ದು, ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತನ್ನು ನೋಡಿ ಕೊಳ್ಳುವುದು ಉಚಿತ.

ಗುಂಡಿಯೊಳಗಿನ ಪೈಪು

ಕಪಿಲೆ ಸುತ್ತೂರನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅದೇ ನೀರು ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಷ್ಟು ಹಿಂದೆಯೇ ವಿದ್ಯುತ್ತನ್ನು ಕಂಡ ಸೀಮೆಯಲ್ಲಿ, ವಿದ್ಯುತ್ತು ಮರಳಿ ಭೂಮಿಗೆ ಸೇರುವ ದಾರಿಯ ಬಗ್ಗೆ ಇಂದಿಗೂ ಅಸಡ್ಡೆಯಿರುವುದು ಆಶ್ಚರ್ಯ.

ಭೂಸಂಪರ್ಕದ ವಿಧಾನವನ್ನು ಭಾರತೀಯ ಮಾನಕ 3043 ವಿವರಿಸುತ್ತದೆ. 1987ರ ಈ ಮಾನಕವನ್ನು 2018ರಲ್ಲಿ ಪರಿಷ್ಕರಿಸಲಾಯಿತು. ಸಾಮಾನ್ಯ ಅಂಗಡಿಗೆ ಬಳಕೆಯಲ್ಲಿರುವುದು ಸುಮಾರು ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಗುಂಡಿಯಲ್ಲಿ ಹೂಳಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಮೇಲಿನಿಂದ ನೀರು ಹಾಕಲು ಬಾಯಿ ಬಿಡುವ ಕ್ರಮ. ನಂಜನಗೂಡಿನ ರಸಬಾಳೆಗೆ ರುಚಿ ಕೊಡುವುದೆಂದು ಹೆಸರಾದ ಕಪ್ಪು ಜಿಗುಟು ಮಣ್ಣಿನಲ್ಲಿ ಲವಣಾಂಶವಿದೆ; ವಿದ್ಯುತ್ತು ಇಳಿಯಲು ಅದು ಅನುಕೂಲ. ಆದರೆ ಅದೇ ಲವಣ ಪೈಪನ್ನು ತಿನ್ನುತ್ತದೆ, ಮತ್ತು ಬೇಸಿಗೆಯಲ್ಲಿ ಕಪ್ಪು ಮಣ್ಣು ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಜನವರಿಯಲ್ಲಿ ಸರಿಯಿದ್ದ ಅರ್ತ್ ಏಪ್ರಿಲ್‌ನಲ್ಲಿ ಸರಿಯಿರುವುದೆಂಬ ಖಾತರಿಯಿಲ್ಲ. ಕೆಂಪು ಮಣ್ಣು, ಗರಸು ಇರುವ ಎತ್ತರದ ಜಾಗಗಳಲ್ಲಿ ತೊಂದರೆ ಬೇರೆ: ಅಲ್ಲಿ ಒಂದು ಪೈಪು ಸಾಲದೆ ಎರಡು ಮೂರನ್ನು ಸೇರಿಸಬೇಕಾಗಬಹುದು.

ಎಷ್ಟು ಒಳ್ಳೆಯ ಅರ್ತ್ ಬೇಕು? ಸ್ಥಾಯೀ ವಿದ್ಯುತ್ತಿಗೆ ಕೇಳಿದರೆ ಉತ್ತರ, ಹೆಸರಿಗೆ ಇದ್ದರೂ ಸಾಕು. ಮಣಿಕಟ್ಟಿನ ಪಟ್ಟಿಯ ತಂತಿಯಲ್ಲಿ ಉದ್ದೇಶಪೂರ್ವಕವಾಗಿಯೇ ಹತ್ತು ಲಕ್ಷ ಓಮ್‌ನ ರೆಸಿಸ್ಟರ್ ಇಟ್ಟಿರುತ್ತಾರೆ. ಆವೇಶ ಅದರ ಮೂಲಕವೂ ಕ್ಷಣಾರ್ಧದಲ್ಲಿ ಹರಿದುಹೋಗುತ್ತದೆ. ಅಕಸ್ಮಾತ್ ಫೇಸ್ ತಾಗಿದರೂ ಕಾಲು ಮಿಲಿಆಂಪಿಯರಿಗಿಂತ ಹೆಚ್ಚು ಮೈಮೂಲಕ ಹರಿಯದು. ದೋಷದ ವಿದ್ಯುತ್ತಿಗೆ ಕೇಳಿದರೆ ಉತ್ತರ ಪೂರ್ತಿ ಬೇರೆ. ಅರ್ತ್ ಪ್ರತಿರೋಧ 5 ಓಮ್ ಇದ್ದರೆ ದೋಷಕಾಲದಲ್ಲಿ ಸುಮಾರು 46 ಆಂಪಿಯರ್ ಹರಿದು 16 ಆಂಪಿಯರಿನ ಎಂಸಿಬಿ ಸ್ವಲ್ಪ ಹೊತ್ತಿನಲ್ಲಾದರೂ ಬೀಳುತ್ತದೆ. 50 ಓಮ್ ಇದ್ದರೆ ಹರಿಯುವುದು ಬರೀ 4.6 ಆಂಪಿಯರ್. ಎಂಸಿಬಿಗೆ ಅದು ಒಂದು ಇಸ್ತ್ರಿಪೆಟ್ಟಿಗೆಯಂತೆ ಕಾಣುತ್ತದೆ, ಬೀಳುವುದೇ ಇಲ್ಲ. ಪೆಟ್ಟಿಗೆಯ ಮೇಲೆ ವಿದ್ಯುತ್ತು ನಿಂತೇ ಇರುತ್ತದೆ. ಆದ್ದರಿಂದಲೇ ಗ್ರಾಮಾಂತರದ ಅರ್ತ್ ಗುಂಡಿಯನ್ನು ನಂಬಿ ಕೂರದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಬೇಕೆಂಬುದು. ಹೋಗುವ ಮತ್ತು ಬರುವ ಪ್ರವಾಹದ ವ್ಯತ್ಯಾಸವನ್ನು ಅಳೆಯುವ ಈ ಸಾಧನ, ಜಮಾ-ಖರ್ಚು ತಾಳೆಯಾಗದ ಕ್ಷಣದಲ್ಲೇ ಪುಸ್ತಕ ಮುಚ್ಚುವ ಕಟ್ಟುನಿಟ್ಟಿನ ಗುಮಾಸ್ತನಂತೆ. ಹೆಚ್ಚು ಕಂಪ್ಯೂಟರುಗಳಿರುವಲ್ಲಿ ಸಹಜ ಸೋರಿಕೆಗಳೇ ಕೂಡಿ ಅದು ಆಗಾಗ ಬೀಳಬಹುದು. ಆಗ ಮಾಡಬೇಕಾದದ್ದು ಆರ್‌ಸಿಸಿಬಿ ತೆಗೆಸುವುದಲ್ಲ, ಸಾಲುಗಳನ್ನು ವಿಂಗಡಿಸಿ ಒಂದೊಂದಕ್ಕೆ ಒಂದು ಹಾಕಿಸುವುದು.

ಅಡ್ಡದಾರಿಗಳು

ಅರ್ತ್ ಗುಂಡಿಯ ಗೋಜಿಲ್ಲದೆ ಜುಮ್ಮೆನ್ನುವುದನ್ನು ನಿಲ್ಲಿಸುವ ಒಂದು ಅಡ್ಡದಾರಿ ಹಲವೆಡೆ ಬಳಕೆಯಲ್ಲಿದೆ: ಸಾಕೆಟ್ಟಿನೊಳಗೇ ನ್ಯೂಟ್ರಲ್ ಮತ್ತು ಅರ್ತ್ ಪಿನ್ನನ್ನು ತುಂಡು ತಂತಿಯಿಂದ ಸೇರಿಸಿಬಿಡುವುದು. ಜುಮ್ಮೆನ್ನುವುದು ನಿಲ್ಲುತ್ತದೆ, ಮಾಲೀಕರು ಸಂತೋಷಪಡುತ್ತಾರೆ. ಮುಂದೊಂದು ದಿನ ಕಂಬದ ಹತ್ತಿರವೋ ಮೀಟರಿನ ಬಳಿಯೋ ನ್ಯೂಟ್ರಲ್ ತಂತಿ ಕಡಿದರೆ, ಚಾಲೂ ಇರುವ ಉಪಕರಣದ ಮೂಲಕ ಬಂದ ಪೂರ್ಣ ಫೇಸ್ ವೋಲ್ಟೇಜ್ ಆ ತುಂಡು ತಂತಿಯ ಮೂಲಕ ಪ್ರತಿಯೊಂದು ಕಂಪ್ಯೂಟರಿನ ಲೋಹದ ಮೈಗೆ ಏರುತ್ತದೆ. ಈ ಕೆಲಸವನ್ನು ಮಾಡಿದವರು ಯಾರೇ ಆಗಿರಲಿ, ಅದನ್ನು ಅಂದೇ ಬಿಚ್ಚಿಸಬೇಕು. ನೀರಿನ ನಲ್ಲಿಗೆ ಅರ್ತ್ ತಂತಿ ಸುತ್ತುವುದು ಇನ್ನೊಂದು ಹಳೆಯ ರೂಢಿ. ನಲ್ಲಿಯ ಹಿಂದೆ ಇರುವುದು ಪಿವಿಸಿ ಪೈಪು ಎಂಬುದನ್ನು ಸುತ್ತುವವರು ನೋಡಿರುವುದಿಲ್ಲ.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್ನಿಗೆ ಸಿಕ್ಕಿಸಲು ದಪ್ಪ ಪಿನ್ನನ್ನು ಮುರಿಯುವುದಂತೂ ನಿತ್ಯದ ದೃಶ್ಯ. ಆ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೇ, ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಸೇರಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು. ಯುಪಿಎಸ್ ಇದೆಯಾದ್ದರಿಂದ ಭಯವಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಯುಪಿಎಸ್ ಅರ್ತನ್ನು ಸೃಷ್ಟಿಸುವುದಿಲ್ಲ, ಗೋಡೆಯಿಂದ ಬಂದದ್ದನ್ನು ದಾಟಿಸುತ್ತದೆ ಅಷ್ಟೆ. ಸ್ಪೈಕ್ ಗಾರ್ಡಿನದೂ ಇದೇ ಕಥೆ. ಮಿಂಚಿನ ಹೆಚ್ಚುವರಿ ವೋಲ್ಟೇಜನ್ನು ಅರ್ತಿಗೆ ತಳ್ಳಬೇಕಾದ ಬಿಡಿಭಾಗಕ್ಕೆ ತಳ್ಳಲು ಜಾಗವೇ ಇರುವುದಿಲ್ಲ. ಗಿರಣಿಯ ಕಚೇರಿಯಿಂದ ದೂರದ ವೇಬ್ರಿಡ್ಜಿಗೆ ತಾಮ್ರದ ಕೇಬಲ್ ಎಳೆದಿರುವವರು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ವಿಶೇಷ ಎಚ್ಚರ ವಹಿಸಬೇಕು. ಎರಡು ಕಟ್ಟಡಗಳ ಅರ್ತ್ ವಿಭವ ಆ ಕ್ಷಣ ಒಂದೇ ಆಗಿರುವುದಿಲ್ಲ, ವ್ಯತ್ಯಾಸವೆಲ್ಲ ಕೇಬಲ್ಲಿನ ಮೂಲಕವೇ ಹಾಯುತ್ತದೆ. ಆಪ್ಟಿಕಲ್ ಫೈಬರ್ ಕೇಬಲ್ಲಿಗೆ ಈ ಕಾಟವಿಲ್ಲ.

ಯಂತ್ರ ಬಿಚ್ಚುವವರು ಸ್ವಿಚ್ ಆರಿಸಿ ಪ್ಲಗ್ಗನ್ನು ಸಾಕೆಟ್ಟಿನಲ್ಲೇ ಬಿಟ್ಟರೆ ಅರ್ತ್ ಉಳಿಯುತ್ತದೆ ಎಂಬ ಸಲಹೆ ಕೆಲವು ಕೈಪಿಡಿಗಳಲ್ಲಿದೆ. ಫೇಸ್, ನ್ಯೂಟ್ರಲ್ ಅದಲುಬದಲಾಗಿರುವ ಸಾಕೆಟ್ಟುಗಳು ಇಲ್ಲಿ ವಿರಳವಲ್ಲ. ಅಂತಹ ಕಡೆ ಸ್ವಿಚ್ ಆರಿಸಿದರೂ ಎಸ್‌ಎಂಪಿಎಸ್‌ನೊಳಗೆ ಫೇಸ್ ಜೀವಂತ. ಪ್ಲಗ್ಗನ್ನು ಕಿತ್ತಿಟ್ಟು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮೊದಲು ಮುಟ್ಟಿ, ಕೆಲಸದ ನಡುವೆಯೂ ಮುಟ್ಟುತ್ತಿದ್ದರೆ ಸಾಕು. ಸ್ಥಾಯೀ ವಿದ್ಯುತ್ತಿನ ಮಟ್ಟಿಗೆ ಮುಖ್ಯವಾದದ್ದು ಭೂಮಿಯಲ್ಲ. ಕೈ, ಪೆಟ್ಟಿಗೆ ಮತ್ತು ಬಿಡಿಭಾಗ ಮೂರೂ ಒಂದೇ ವಿಭವದಲ್ಲಿರುವುದು.

ಲೆಕ್ಕದ ಪುಸ್ತಕದಲ್ಲಿ

ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ ದರ ಶೇ 60ರಷ್ಟಿದ್ದುದು 2017ರ ಏಪ್ರಿಲ್ 1ರಿಂದ ಶೇ 40ಕ್ಕೆ ಇಳಿಯಿತು. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಮೇಜಿನ ಕಂಪ್ಯೂಟರಿಗೆ ಮೂರು ವರ್ಷ, ಸರ್ವರಿಗೆ ಆರು ವರ್ಷ ಆಯುಷ್ಯ ಕಟ್ಟಿದೆ. 1962ರ ಆದಾಯ ತೆರಿಗೆ ನಿಯಮಗಳು ವೈರಿಂಗ್, ಸಾಕೆಟ್ಟುಗಳನ್ನು ವಿದ್ಯುತ್ ಅಳವಡಿಕೆಗಳೆಂದು ಶೇ 10ರ ಸಮೂಹದಲ್ಲಿ ಇಟ್ಟಿದ್ದವು. ಹೀಗಾಗಿ ಅರ್ತ್ ಗುಂಡಿಯನ್ನು ಹೊಸದಾಗಿ ಮಾಡಿಸಿದ ವೆಚ್ಚವನ್ನು ಕಂಪ್ಯೂಟರಿನ ಬಿಲ್ಲಿನೊಡನೆ ಬೆರೆಸದೆ ಪ್ರತ್ಯೇಕ ಬಿಲ್ ಪಡೆಯುವುದು ಲೇಸು. ವರ್ಷವರ್ಷದ ನೀರು, ಉಪ್ಪು, ಪರೀಕ್ಷೆಯ ವೆಚ್ಚ ಆ ವರ್ಷದ ಖರ್ಚು.

ವಿಮೆಯ ಬಗ್ಗೆ ಒಂದು ಮಾತು. ಅಗ್ನಿ ವಿಮೆ ಇದೆಯೆಂದು ನಿಶ್ಚಿಂತರಾಗಿರುವವರು ಪಾಲಿಸಿಯ ಹೊರಗಿಡುವಿಕೆಗಳನ್ನು ಓದಬೇಕು. ರೂಢಿಯಲ್ಲಿರುವ ಅಗ್ನಿ ವಿಮೆಯಲ್ಲಿ ಶಾರ್ಟ್ ಸರ್ಕಿಟ್ ಅಥವಾ ಸೋರಿಕೆಯಿಂದ ಕೆಟ್ಟ ಅದೇ ಉಪಕರಣದ ನಷ್ಟಕ್ಕೆ ಪರಿಹಾರವಿಲ್ಲ. ಅದರಿಂದ ಹೊತ್ತಿದ ಬೆಂಕಿ ಬೇರೆ ವಸ್ತುಗಳನ್ನು ಸುಟ್ಟರೆ ಮಾತ್ರ ಆ ವಸ್ತುಗಳಿಗೆ ಉಂಟು. ಕಂಪ್ಯೂಟರಿಗೆ ಬೇಕಾದದ್ದು ಇಲೆಕ್ಟ್ರಾನಿಕ್ ಉಪಕರಣಗಳ ಪ್ರತ್ಯೇಕ ಪಾಲಿಸಿ. ಕಂಪನಿಯಾಗಿ ನೋಂದಾಯಿತವಾದವರಿಗೆ 2022ರ ತಿದ್ದುಪಡಿ ನಿಯಮಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲಿ ತೆಗೆದಿಡಬೇಕೆಂದು ವಿಧಿಸಿವೆ. "ಹಾರ್ಡ್ ಡಿಸ್ಕ್ ಸುಟ್ಟಿತು" ಎಂಬ ವಿವರಣೆ ಇನ್ನು ನಡೆಯದು.

ಸುತ್ತೂರಿನ ಜಾತ್ರೆ ನಡೆಯುವುದು ಜನವರಿ-ಫೆಬ್ರವರಿಯ ಒಣಹವೆಯಲ್ಲಿ. ವಸ್ತುಪ್ರದರ್ಶನ, ಕೃಷಿ ಮೇಳಗಳಲ್ಲಿ ಮಳಿಗೆ ಹಾಕುವ ಸದಸ್ಯರು ಬಿಲ್ಲಿಂಗಿಗೆ ಕಂಪ್ಯೂಟರ್ ಒಯ್ಯುವುದು ಈಗ ಸಾಮಾನ್ಯ. ತಾತ್ಕಾಲಿಕ ಸಂಪರ್ಕದಲ್ಲಿ ಮೂರನೇ ತಂತಿ ಇದೆಯೇ, ಅದು ನಿಜವಾಗಿ ಭೂಮಿಗೆ ಹೋಗಿದೆಯೇ ಎಂಬುದನ್ನು ಗುತ್ತಿಗೆದಾರರಿಂದ ಮೀಟರ್ ಇಟ್ಟು ತೋರಿಸಿಕೊಳ್ಳಬೇಕು: ಫೇಸ್ ಮತ್ತು ಅರ್ತ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್. ಮಳಿಗೆಯ ತಗಡಿನ ಚೌಕಟ್ಟನ್ನೂ ಅದೇ ಅರ್ತಿಗೆ ಸೇರಿಸುವಂತೆ ಹೇಳಬೇಕು. ಯುಪಿಎಸ್ ಮತ್ತು ಕ್ಯಾಬಿನೆಟ್ಟನ್ನು ಬರಿನೆಲದ ಮೇಲಿಡದೆ ಮರದ ಹಲಗೆಯ ಮೇಲಿಟ್ಟು, ಗ್ರಾಹಕರ ಮಕ್ಕಳ ಕೈಗೆ ಎಟುಕದಷ್ಟು ಒಳಗೆ ಸರಿಸಿಡತಕ್ಕದ್ದು.